ಗಾರೆ ಮೇಸ್ತ್ರಿ ಹಿಟ್ಟು ಕಲಸಿದ್ದು

ಮೇಸ್ತ್ರಿಯ ಕೈಗೆ ಗಟ್ಟಿ ಮಾಡುವುದು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಗೋಡೆಗೆ ಗಾರೆ ಬಳಿಯುವುದು ಅವನ ಕಸುಬು. ಅವನು ಬಳಿದ ಗೋಡೆಗೆ ಮೊಳೆ ಹೊಡೆಯಲು ಹೋದವರು ಮೊಳೆಯನ್ನು ಡೊಂಕು ಮಾಡಿಕೊಂಡು, ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಂಡು ವಾಪಸು ಬರುತ್ತಿದ್ದರು. ಆ ಸುದ್ದಿ ಕಿವಿಗೆ ಬಿದ್ದರೆ ಅವನಿಗೆ ಒಳಗೊಳಗೇ ಹಿಗ್ಗು. ಇಂಥವನನ್ನು ಒಂದು ಮಧ್ಯಾಹ್ನ ಹೆಂಡತಿ ಮಂಚದ ಮೇಲಿಂದ ಕಣ್ಣಲ್ಲೇ ಹತ್ತಿರ ಕರೆದಳು. ಎರಡು ಮುಷ್ಟಿಗಳನ್ನು ಹೊದಿಕೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಉರುಳಿಸಿ ತೋರಿಸಿದಳು.

"ಚಪಾತಿನಾ?" ಎಂದ ಮೇಸ್ತ್ರಿ.

ಅವಳು ಹೌದೆಂದು ರೆಪ್ಪೆ ಮುಚ್ಚಿ ತೆರೆದಳು.

"ನಿಮ್ಮಕ್ಕನಿಗೆ ಹೇಳ್ಲಾ?"

ಅಲ್ಲ ಎಂದು ತಲೆಯಾಡಿಸಿ, ತೋರುಬೆರಳನ್ನು ಅವನ ಎದೆಗೆ ತಾಗಿಸಿದಳು. ನೀವೇ, ಎಂದು ಅರ್ಥ. ಮೇಸ್ತ್ರಿ ತನ್ನ ಎದೆಯ ಮೇಲಿದ್ದ ಆ ಬೆರಳನ್ನೇ ನೋಡುತ್ತ ನಿಂತ. ಅದು ಎಷ್ಟು ಸಣ್ಣಗಾಗಿಹೋಗಿತ್ತೆಂದರೆ ಉಂಗುರಕ್ಕೆ ದಾರ ಸುತ್ತಿ ಹಾಕಿಕೊಂಡಿದ್ದಳು.

ಅವಳ ದವಡೆಯಲ್ಲಿ ಗಡ್ಡೆಯಾಗಿ, ಅದನ್ನು ಕೊಯ್ದು ತೆಗೆದಿದ್ದರು. ಬಹಳ ಕಾಲ ಮೂಗಿನ ನಳಿಗೆಯಲ್ಲೇ ಅವಳ ಊಟ. ಈಗ ನಳಿಗೆ ತೆಗೆದಾಗಿತ್ತು, ಗಾಯ ಮಾಗಿತ್ತು, ಒಂದು ಪಕ್ಕದ ಹಲ್ಲುಗಳು ನೆಟ್ಟಗಿದ್ದವು. ಆದರೆ ಅವಳಿಗೆ ನುಂಗಲು ಭಯ. ಒಂದೆರಡು ಚಮಚ ಗಂಜಿ ಒಳಗೆ ಹೋಗುವಷ್ಟರಲ್ಲಿ ತುಟಿ ಬಿಗಿದುಕೊಂಡುಬಿಡುತ್ತಿದ್ದಳು. ಡಾಕ್ಟರಮ್ಮ ಮೆಲ್ಲಗೆ ಮಾತಾಡುವ ಹೆಂಗಸು, ಆದರೆ ಮಾತಿನಲ್ಲಿ ಸುತ್ತುಬಳಸಿರಲಿಲ್ಲ. "ಸೋಮವಾರ ಕರ್ಕೊಂಡು ಬನ್ನಿ. ಅಷ್ಟರೊಳಗೆ ಬಾಯಿಂದ ಊಟ ಶುರುವಾಗ್ಲಿಲ್ಲ ಅಂದ್ರೆ ಮತ್ತೆ ನಳಿಗೆ ಹಾಕ್ಲೇಬೇಕು. ಅವರಾಗೇ ಏನು ಕೇಳ್ತಾರೋ ಅದನ್ನ ಕೊಡಿ. ಮೆತ್ತಗಿದ್ರೆ ಸಾಕು." ನಳಿಗೆಯ ಮಾತು ಬಂದಾಗ ಅವಳು ಮೇಸ್ತ್ರಿಯ ಅಂಗಿಯ ತುದಿಯನ್ನು ಹಿಡಿದುಕೊಂಡದ್ದು ಅವನಿಗೆ ಮಾತ್ರ ಗೊತ್ತು.

ಅವಳು ಮಾತನ್ನೂ ಬಿಟ್ಟಿದ್ದಳು. ಇದು ಇನ್ನೂ ಸಂಕಟದ ವಿಷಯ, ಯಾಕೆಂದರೆ ಅವಳು ಮಾತನ್ನೇ ನಂಬಿ ಬದುಕಿದವಳು. ಬಸ್ ನಿಲ್ದಾಣದಲ್ಲಿ, ಗಾಜಿನ ಗೂಡಿನಲ್ಲಿ ಕುಳಿತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವಾಗ ಹೊರಡುತ್ತದೆ ಎಂದು ಮೈಕಿನಲ್ಲಿ ಹೇಳುವುದು ಅವಳ ಕೆಲಸವಾಗಿತ್ತು. ಅವಳು ಹೇಳಿದರೆ ತಡವಾಗಿ ಬರುವ ಬಸ್ಸಿಗೂ ಒಂದು ಮರ್ಯಾದೆ ಬರುತ್ತಿತ್ತು. ಮೇಸ್ತ್ರಿ ಅವಳನ್ನು ಮೊದಲು ಕೇಳಿ, ಆಮೇಲೆ ನೋಡಿದವನು. ನಿಲ್ದಾಣದ ಗೋಡೆಗೆ ಗಾರೆ ಬಳಿಯುತ್ತ ಅಟ್ಟಣೆಯ ಮೇಲಿದ್ದಾಗ ಆ ದನಿ ಕೇಳಿ, ಮೂರು ದಿನದ ಕೆಲಸವನ್ನು ಒಂದು ವಾರ ಎಳೆದಿದ್ದ. ಆಪರೇಷನ್ ಆದ ಮೇಲೆ ಅವಳು ಆಡಿದ ಮೊದಲ ಮಾತು ತೊದಲಿ ಹೊರಬಂತು. ಅದು ತನ್ನದೇ ದನಿಯೆಂದು ಅವಳ ಕಿವಿಗೇ ಗುರುತು ಸಿಗಲಿಲ್ಲ. ಅವತ್ತು ಮುಚ್ಚಿದ ಬಾಯಿ ಮತ್ತೆ ತೆರೆದಿರಲಿಲ್ಲ. ನಗು ಬಂದರೂ ಅಂಗೈ ಅಡ್ಡ ಹಿಡಿಯುತ್ತಿದ್ದಳು.

ಇಷ್ಟು ವರ್ಷ ಅವನ ಡಬ್ಬಿಗೆ ಚಪಾತಿ ಮಾಡಿ ಕಟ್ಟಿದವಳು ಅವಳೇ. ಅಟ್ಟಣೆಯ ಮೇಲೆ ಕಾಲು ಇಳಿಬಿಟ್ಟು ಕುಳಿತು, ಬಿಸಿಲಿನಲ್ಲಿ, ಮಡಿಸಿದ ಚಪಾತಿಯನ್ನು ಬಿಡಿಸುವಾಗ ಅದು ಕರವಸ್ತ್ರದಂತೆ ಬಿಚ್ಚಿಕೊಳ್ಳುತ್ತಿತ್ತು. ಮಧ್ಯಾಹ್ನದವರೆಗೂ ಅದು ಹೇಗೆ ಮೆತ್ತಗಿರುತ್ತದೆ ಎಂದು ಮೇಸ್ತ್ರಿ ಒಂದು ದಿನವೂ ಯೋಚಿಸಿರಲಿಲ್ಲ. ತಿಂದು ಕೈ ತೊಳೆದುಕೊಂಡು ಮತ್ತೆ ಗೋಡೆಗೆ ಹತ್ತುತ್ತಿದ್ದ.

ಮನೆಯ ಹಿಟ್ಟಿನ ಡಬ್ಬಿ ಯಾವಾಗಲೋ ಬರಿದಾಗಿತ್ತು. ಅವನು ಬೀದಿ ಕೊನೆಯ ಅಂಗಡಿಗೆ ಹೋಗಿ, ಇರುವುದರಲ್ಲಿ ಅತಿ ಬಿಳಿಯದನ್ನೂ ಅತಿ ನಯವಾದದ್ದನ್ನೂ ಆರಿಸಿ ತಂದ. ಗೋಡೆಯ ಕೊನೆಯ ಪದರಕ್ಕೆ ಅವನು ಹುಡುಕುತ್ತಿದ್ದದ್ದು ಅಂಥದ್ದನ್ನೇ. ನಯವಾಗಿದ್ದರೆ ಮೆತ್ತಗೂ ಇರುತ್ತದೆ ಎಂದು ಅವನ ಎಣಿಕೆ. ಅದು ಮೈದಾ. ಕಾವಲಿಯ ಮೇಲಿದ್ದಾಗ ಚೆನ್ನಾಗಿಯೇ ಕಂಡ ಚಪಾತಿ ತಟ್ಟೆಗೆ ಬಂದು ಬಿಸಿ ಆರುತ್ತಿದ್ದಂತೆ ರಬ್ಬರಾಯಿತು. ಹೆಂಡತಿ ಒಂದು ಅಂಚು ಹಿಡಿದು ಎಳೆದಳು. ಅದು ಹರಿಯಲಿಲ್ಲ, ಉದ್ದವಾಯಿತು. ಬಿಟ್ಟಾಗ ಹಿಂದಕ್ಕೆ ಹೋಯಿತು. ಅವಳು ಬೈಯುವ ಕಣ್ಣು ಮಾಡಲಿಲ್ಲ, ಅವನ ಕೈಯನ್ನು ಮೆಲ್ಲಗೆ ತಟ್ಟಿದಳು. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಅವನಿಗೆ.

ಮರುದಿನ ಅವನು ಹಿಟ್ಟಿನ ಗಿರಣಿಗೇ ಹೋದ. ಗಿರಣಿಯ ಒಳಗೆ ಬೆಳಕು ಕೂಡ ಹಿಟ್ಟಿನ ಬಣ್ಣದ್ದು. ಕಿಟಕಿಯಿಂದ ಬಿದ್ದ ಬಿಸಿಲುಕೋಲಿನಲ್ಲಿ ಪುಡಿ ಮೇಲೇರುತ್ತ, ಇಳಿಯುತ್ತ, ಯಾವ ಅವಸರವೂ ಇಲ್ಲದೆ ತೇಲುತ್ತಿತ್ತು. ಗಿರಣಿ ನಡೆಸುವ ಹೆಂಗಸಿನ ರೆಪ್ಪೆಗಳು ಬೆಳ್ಳಗಾಗಿದ್ದವು. ಅವಳು ಕಣ್ಣು ಮಿಟುಕಿಸಿದಾಗ ಎಲ್ಲಿ ಹಿಟ್ಟು ಉದುರುತ್ತದೋ ಎಂದು ಮೇಸ್ತ್ರಿ ನೋಡುತ್ತ ನಿಂತ.

"ಯಾವ ಹಿಟ್ಟು ಬೇಕಣ್ಣ?"

"ಮೆತ್ತಗಿರೋದು."

"ಹಿಟ್ಟೆಲ್ಲಾ ಮೆತ್ತಗೇ ಇರುತ್ತೆ. ಕಲ್ಲನ್ನ ಯಾರು ಮಾರ್ತಾರೆ?"

ಮೇಸ್ತ್ರಿ ಪೆಚ್ಚಾಗಿ ವಿಷಯವೆಲ್ಲ ಹೇಳಿದ. ಅವಳ ನಗು ನಿಂತಿತು. ಕಟ್ಟೆಯ ಮೇಲೆ ಎರಡು ಗುಪ್ಪೆ ಸುರಿದಳು. ಒಂದು ತರಿತರಿ, ಇನ್ನೊಂದು ತೊಗಟೆ ಸಮೇತ ನುಣ್ಣಗೆ ಬೀಸಿದ ಗೋಧಿ, ಇನ್ನೂ ಬೆಚ್ಚಗಿತ್ತು. ಮೇಸ್ತ್ರಿ ಮರಳು ನೋಡುವಂತೆಯೇ ನೋಡಿದ. ಎರಡು ಬೆರಳಲ್ಲಿ ಉಜ್ಜಿ ಕಿವಿಯ ಹತ್ತಿರ ಹಿಡಿದ. ಆಮೇಲೆ ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟುಕೊಂಡ.

"ಅದೇನು ನೋಡ್ತಿದ್ದೀರಿ?"

"ಉಪ್ಪಿದೆಯಾ ಅಂತ. ಮರಳಲ್ಲಿ ಉಪ್ಪಿದ್ರೆ ಉಗಿದು ವಾಪಸು ಕಳಿಸ್ತೀನಿ. ಉಪ್ಪು ಗೋಡೆನ ಒಳಗಿಂದ ತಿಂದುಹಾಕುತ್ತೆ."

"ಅಯ್ಯೋ ಅಣ್ಣ, ಹಿಟ್ಟಲ್ಲಿ ಯಾಕೆ ಉಪ್ಪಿರುತ್ತೆ," ಎಂದು ಅವಳು ನುಣ್ಣನೆಯ ಗುಪ್ಪೆಯನ್ನು ಚೀಲಕ್ಕೆ ತುಂಬಿದಳು. "ಇದನ್ನ ತಗೊಳ್ಳಿ. ತವುಡಿದೆ ಅಂತ ಹೆದರಬೇಡಿ, ಜರಡಿ ಹಿಡಿದು ತೆಗೀಬೇಡಿ. ತವುಡು ನೀರು ಕುಡಿಯುತ್ತೆ, ಆದ್ರೆ ನಿಧಾನ. ಅದಕ್ಕೆ ಕುಡಿಯೋಷ್ಟು ಹೊತ್ತು ಕೊಡಬೇಕು. ಕೈಗೆ ಅಂಟುತ್ತೆ ಅಂತ ಮೇಲೆ ಮೇಲೆ ಹಿಟ್ಟು ಸುರೀಬೇಡಿ. ಆಮೇಲೆ, ಬಿಸಿ ಆರೋವರೆಗೂ ಚೀಲದ ಬಾಯಿ ಕಟ್ಟಬೇಡಿ."

ಮೇಸ್ತ್ರಿ ಎಲ್ಲವನ್ನೂ ತಲೆಯಲ್ಲಿ ಇಟ್ಟುಕೊಂಡ, ಹೊತ್ತು ಕೊಡಬೇಕೆಂಬುದೊಂದನ್ನು ಬಿಟ್ಟು. ಬೆಚ್ಚನೆಯ ಚೀಲವನ್ನು ಎದೆಗೆ ಒತ್ತಿಕೊಂಡು ಬೀದಿಯಲ್ಲಿ ನಡೆದ. ಮಲಗಿದ ಮಗುವನ್ನು ಎತ್ತಿಕೊಂಡಂತಿತ್ತು. ಅವರಿಗೆ ಮಕ್ಕಳಿರಲಿಲ್ಲ. ಆ ಯೋಚನೆ ಬಂದು, ಅವನೊಂದಿಗೆ ಸ್ವಲ್ಪ ದೂರ ನಡೆದು, ತಿರುವಿನಲ್ಲಿ ಬಿಟ್ಟುಹೋಯಿತು.

ಮನೆಗೆ ಬಂದು ಹಿಟ್ಟನ್ನು ಗುಪ್ಪೆ ಮಾಡಿ, ನಡುವೆ ಗುಳಿ ತೋಡಿ ನೀರು ಹಾಕಿದಾಗ ಅವನ ಕೈಗಳಿಗೆ ತವರಿಗೆ ಬಂದಷ್ಟು ಸಂತೋಷವಾಯಿತು. ಗಾರೆ ಕಲಸುವುದೂ ಹೀಗೆಯೇ. ಸಮಸ್ಯೆ ಶುರುವಾದದ್ದೂ ಅಲ್ಲಿಂದಲೇ. ಗಾರೆಗೆ ನೀರು ತಾಗಿದ ಮೇಲೆ ನಿಲ್ಲುವ ಹಾಗಿಲ್ಲ. ಅದು ಬಿಗಿಯುವ ಮೊದಲು ಗೋಡೆ ಸೇರಬೇಕು. ಕಲಸಿಟ್ಟು ಬೀಡಿ ಹಚ್ಚಲು ಹೋದ ಎಷ್ಟೋ ಆಳುಗಳ ಜನ್ಮವನ್ನು ಅವನು ಜಾಲಾಡಿದ್ದ. ಹಾಗಾಗಿ ಹಿಟ್ಟನ್ನು ಗಾರೆ ಬಳಿಯುವ ಕರಣಿಯ ಮೇಲೆ ನಿಲ್ಲುವಷ್ಟು ಬಿಗಿಯಾಗಿ ಕಲಸಿ, ಯಾರೋ ಅಟ್ಟಿಸಿಕೊಂಡು ಬರುತ್ತಿರುವಂತೆ ಆಗಲೇ ಲಟ್ಟಿಸತೊಡಗಿದ. ಲಟ್ಟಿಸಿದಷ್ಟೂ ಅದು ಮುದುಡಿತು. ಇವನು ಒತ್ತಿದ, ಅದು ಮುದುಡಿತು. ಇಬ್ಬರೂ ಹಟಮಾರಿಗಳು. ಕೊನೆಗೆ ಹೇಗೋ ಬೇಯಿಸಿ, ಹೊಸ ಗೋಡೆಗೆ ಗಾಳಿಯಾಡಬೇಕಲ್ಲ, ಹಾಗೆ ಒಂದೊಂದನ್ನೂ ಬೇರೆ ಬೇರೆಯಾಗಿ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಹರವಿಟ್ಟ. ಹೆಂಡತಿಯ ಕೈಗೆ ಕೊಡುವಾಗ ಚಪಾತಿ ಲಟಕ್ಕೆಂದು ಎರಡಾಯಿತು.

ಶನಿವಾರ ಅವಳ ಅಕ್ಕ ಬಂದಳು. ತನ್ನ ಮನೆಯಲ್ಲಿ ಮಾಡಿದ ಚಪಾತಿಯನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಅವು ಹತ್ತಿಯಂತಿದ್ದವು. ತಂಗಿ ಅವನ್ನು ಮುಟ್ಟಿ ನೋಡಿ, ಅಕ್ಕನ ಕೆನ್ನೆ ಸವರಿ, ಗೋಡೆಯ ಕಡೆ ತಿರುಗಿ ಮಲಗಿದಳು. ಅಕ್ಕ ಕಣ್ಣೊರೆಸಿಕೊಂಡು ಅಡುಗೆಮನೆಗೆ ಬಂದವಳು, ಕಿಟಕಿ ಕಟ್ಟೆಯ ಮೇಲಿದ್ದ ಮೇಸ್ತ್ರಿಯ ಚಪಾತಿಯನ್ನು ಬೆರಳ ಗೆಣ್ಣಿನಿಂದ ತಟ್ಟಿದಳು. ಟಕ್ ಟಕ್ ಎಂದಿತು.

"ಮೇಸ್ತ್ರಿಗಳೇ, ಇದನ್ನ ಹೆಂಡ್ತಿಗೆ ಅಂತ ಮಾಡಿದ್ರಾ, ಬಚ್ಚಲಿಗೆ ಹಾಸೋಕೆ ಅಂತ ಮಾಡಿದ್ರಾ?"

"ಕೈ ಇನ್ನೂ ಪಳಗಿಲ್ಲ ಅತ್ತಿಗೆ."

"ಕಲಸಿ ಒಂದರ್ಧ ಗಂಟೆ ಬಿಡ್ತೀರೋ ಇಲ್ವೋ?"

"ಬಿಟ್ರೆ ಗಟ್ಟಿಯಾಗಲ್ವಾ? ಕಲಸಿದ್ದು ಕೂತ್ರೆ ಏನಾಗುತ್ತೆ ಅಂತ ನನಗೆ ಹೇಳಿಕೊಡ್ತೀರಾ?"

"ಅದು ಸಿಮೆಂಟು. ಇದು ಅನ್ನ," ಎಂದಳು ಅತ್ತಿಗೆ. "ಅವಳು ನಾನು ತಂದಿದ್ದನ್ನ ತಿನ್ನಲ್ಲ, ನೀವು ಮಾಡಿದ್ದನ್ನ ತಿನ್ನೋಕಾಗಲ್ಲ. ಇದೆಂಥ ಹಟ ನಿಮ್ಮಿಬ್ಬರದು."

ಅವಳು ಹೋದ ಮೇಲೆ ಮೇಸ್ತ್ರಿ ತನ್ನ ಹೆಂಚಿನಂಥ ಚಪಾತಿಗಳನ್ನು ಉಪ್ಪಿನಕಾಯಿ ಹಚ್ಚಿಕೊಂಡು, ಒಲೆಯ ಪಕ್ಕ ನಿಂತುಕೊಂಡೇ ತಾನೇ ತಿಂದ. ದವಡೆ ನೋಯಿತು. ತನ್ನ ದವಡೆಗೇ ಇಷ್ಟು ನೋವಾದರೆ ಅವಳಿಗೆ ಹೇಗೆ ಎಂದು ನೆನೆದು ಕೈಲಿದ್ದ ಚೂರನ್ನು ಕೆಳಗಿಟ್ಟ. ತಾನು ಹೆದರಿದ್ದೇನೆ ಎಂಬುದು ಅವನಿಗೆ ಗೊತ್ತಿತ್ತು. ಅವಳು ಆಸ್ಪತ್ರೆಯಿಂದ ಬಂದಾಗಿನಿಂದ ಅವನು ಕೆಲಸದ ನೆಪ ಮಾಡಿ ಹೊರಗೇ ಉಳಿಯುತ್ತಿದ್ದ. ಮುಗಿದ ಗೋಡೆಯನ್ನೇ ಮತ್ತೆ ಮತ್ತೆ ತಿಕ್ಕುತ್ತಿದ್ದ. ಮನೆಗೆ ಬಂದರೆ ಔಷಧಿ, ಬಿಸಿನೀರು, ಹಾಸಿಗೆ ಎಂದು ಓಡಾಡುತ್ತಿದ್ದನೇ ಹೊರತು ಅವಳ ಹತ್ತಿರ ಸುಮ್ಮನೆ ಕುಳಿತಿರಲಿಲ್ಲ. ಕುಳಿತರೆ ಅವಳ ಮುಖವನ್ನು ನೋಡಬೇಕಾಗುತ್ತಿತ್ತು.

ಭಾನುವಾರ ಊಟದ ಹೊತ್ತು ಕಳೆದು ಬೀದಿ ತೂಕಡಿಸುತ್ತಿತ್ತು. ಎಲ್ಲೋ ಯಾರೋ ರೇಡಿಯೊ ಹಾಕಿಟ್ಟು ಮಲಗಿದ್ದರು, ಅದು ತನ್ನಷ್ಟಕ್ಕೆ ಗುನುಗುತ್ತಿತ್ತು. ಮೇಸ್ತ್ರಿ ಕೊನೆಯ ಸಲವೆಂದುಕೊಂಡು ಹಿಟ್ಟು ಕಲಸುತ್ತಿದ್ದಾಗ ಬೆನ್ನ ಹಿಂದೆ ಬಟ್ಟೆ ಸರಿದ ಸದ್ದಾಯಿತು. ಹೆಂಡತಿ ಗೋಡೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲವರೆಗೆ ಬಂದಿದ್ದಳು. ಅವನು ಬೆಳಗ್ಗೆ ಬಾಚಿದ ಅವಳ ಕೂದಲು ಒಂದು ಪಕ್ಕಕ್ಕೆ ವಾಲಿತ್ತು. ಕಿಟಕಿಯ ಬೆಳಕು ಅವಳ ಮೇಲೆ ಬಿದ್ದು, ಅವಳು ಬಂದಳೋ ಇಲ್ಲವೇ ಬಂದಂತೆ ಕಾಣುತ್ತಿದೆಯೋ ಎಂದು ಅವನಿಗೆ ಒಂದು ಗಳಿಗೆ ತಿಳಿಯಲಿಲ್ಲ.

ಅವಳು ಹಿಟ್ಟಿಗೆ ಬೆರಳು ಒತ್ತಿ ನೋಡಿದಳು. ತಲೆಯಾಡಿಸಿದಳು. ಆಮೇಲೆ ಅವನ ಹಿಟ್ಟುಗೈಯನ್ನು ಹಿಡಿದು, ಎತ್ತಿ, ತನ್ನ ಕಿವಿಯ ಹಾಲೆಯನ್ನು ಅವನ ಬೆರಳುಗಳ ನಡುವೆ ಇಟ್ಟಳು.

ಮೇಸ್ತ್ರಿ ಅದನ್ನು ಮೆಲ್ಲಗೆ ಒತ್ತಿದ. ಒರಟು ಕೈಗೆ ಅದು ಮೊದಲು ತಿಳಿಯಲೇ ಇಲ್ಲ. ನಿಧಾನಕ್ಕೆ ತಿಳಿಯಿತು. ಬೆಚ್ಚಗೆ, ಮೆತ್ತಗೆ, ಒತ್ತಿದರೆ ಒಪ್ಪಿಕೊಂಡು, ಬಿಟ್ಟರೆ ಮರಳಿ ಬರುವಂಥದ್ದು. "ಹಿಟ್ಟು ಇಷ್ಟು ಮೆತ್ತಗಿರಬೇಕಾ?" ಎಂದು ಪಿಸುಗುಟ್ಟಿದ. ಅವಳು ರೆಪ್ಪೆ ಮುಚ್ಚಿ ತೆರೆದಳು. ಬಿಸಿನೀರಿನ ಪಾತ್ರೆಯನ್ನು ಅವನ ಕಡೆ ಸರಿಸಿದಳು. ಅವನು ನೀರು ಚಿಮುಕಿಸಿ ನಾದಿದ. ಇನ್ನೂ ಎಂದು ಕಣ್ಣು ಮಾಡಿದಳು. ಹಿಟ್ಟು ಕೈಗೆಲ್ಲ ಅಂಟಿ, ಇದು ಕೆಟ್ಟೇಹೋಯಿತು ಎಂದು ಅವನಿಗೆ ಅನ್ನಿಸಿದಾಗ ಒಂದು ಚಮಚ ಎಣ್ಣೆ ಬಿಟ್ಟಳು. ಒದ್ದೆ ಬಟ್ಟೆ ಹಿಂಡಿ ಹಿಟ್ಟಿನ ಮೇಲೆ ಹೊದಿಸಿದಳು. ಅವನ ಕೈ ಲಟ್ಟಣಿಗೆಯ ಕಡೆ ಹೋಯಿತು. ಅವಳು ಆ ಕೈಯನ್ನು ಹಿಡಿದುಕೊಂಡಳು.

"ಬಿಗಿದುಹೋಗುತ್ತೆ ಕಣೇ," ಎಂದ.

ಅವಳು ಕೈ ಬಿಡಲಿಲ್ಲ. ಹಾಗೇ ಎಳೆದುಕೊಂಡು ಹೋಗಿ ಮಂಚದ ಮೇಲೆ ಕೂರಿಸಿದಳು, ಪಕ್ಕದಲ್ಲಿ ತಾನೂ ಕುಳಿತಳು. ಮಾಡಲು ಏನೂ ಇಲ್ಲದೆ ಮೇಸ್ತ್ರಿ ಅವಳ ಮುಖವನ್ನು ನೋಡಿದ. ಕೆನ್ನೆಯ ಒಂದು ಪಕ್ಕ ಒಳಕ್ಕೆ ಹೋಗಿತ್ತು, ದವಡೆಯ ಉದ್ದಕ್ಕೂ ಗೆರೆ. ಬಹಳ ಹೊತ್ತು ನೋಡಿದ. ಅದು ಅವಳ ಮುಖವೇ ಆಗಿತ್ತು.

"ನನಗೆ ಹೆದರಿಕೆ ಆಗಿತ್ತು," ಎಂದ. "ನೀನು ಹೋಗ್ಬಿಡ್ತೀಯ ಅಂತ. ಅದಕ್ಕೇ ಮನೇಲಿ ಇರ್ತಿರಲಿಲ್ಲ."

ಗೊತ್ತು ಎಂಬಂತೆ ಅವಳು ಅವನ ಬೆರಳಿಗೆ ಅಂಟಿದ್ದ ಹಿಟ್ಟನ್ನು ಉಗುರಿನಿಂದ ಒಂದೊಂದೇ ಬಿಡಿಸತೊಡಗಿದಳು. ಆ ಕೆಲಸ ಮುಗಿಯುವಂತೆ ಕಾಣಲಿಲ್ಲ. ರೇಡಿಯೊ ಗುನುಗುತ್ತಲೇ ಇತ್ತು. ಇಬ್ಬರೂ ಯಾವಾಗ ಮಂಚಕ್ಕೆ ಒರಗಿದರೋ, ಯಾವಾಗ ಕಣ್ಣು ಹತ್ತಿತೋ.

ಮೇಸ್ತ್ರಿ ಅಟ್ಟಣೆಯ ಮೇಲಿದ್ದ. ಎದುರಿಗಿದ್ದ ಗೋಡೆಗೆ ತುದಿಯೂ ಇರಲಿಲ್ಲ, ಬುಡವೂ ಇರಲಿಲ್ಲ. ಕರಣಿ ತಾಗಿಸಿದರೆ ಗೋಡೆ ಬೆಚ್ಚಗಿತ್ತು, ಮಲಗಿದವರ ಹೊಟ್ಟೆಯಂತೆ ಏರಿಳಿಯುತ್ತಿತ್ತು. ಅವನು ಮಟ್ಟಗೋಲು ಹಿಡಿದ. ಎಲ್ಲಿಯೂ ಮಟ್ಟವಿರಲಿಲ್ಲ, ಆದರೂ ಸರಿಯಾಗಿತ್ತು. ಕೆಳಗೆ, ದೂರದಲ್ಲಿ, ಬಸ್ಸುಗಳು ಸದ್ದಿಲ್ಲದೆ ಬಂದು ಹೋಗುತ್ತಿದ್ದವು. ಧ್ವನಿವರ್ಧಕದಲ್ಲಿ ಆ ಹಳೆಯ ದನಿ ಹೇಳಿತು: ಅಟ್ಟಣೆಯ ಮೇಲಿರುವ ಮೇಸ್ತ್ರಿಯವರು ಎಲ್ಲಿದ್ದರೂ ಮನೆಗೆ ಬರಬೇಕು. ಅವನು ಇಳಿಯಲು ಏಣಿ ಹುಡುಕಿದ. ಏಣಿ ಇರಲಿಲ್ಲ. ಗೋಡೆಯೇ ಮೆಲ್ಲಗೆ ಬಾಗಿ ಅವನನ್ನು ಇಳಿಸಿತು.

ಎಚ್ಚರವಾದಾಗ ಬಿಸಿಲು ಇನ್ನೊಂದು ಗೋಡೆಗೆ ಹೋಗಿತ್ತು. ಮೇಸ್ತ್ರಿ ದಡಕ್ಕನೆ ಎದ್ದ. ಹಿಟ್ಟು! ಅಡುಗೆಮನೆಗೆ ಓಡಿದ. ಬಿಗಿದು ಕಲ್ಲಾಗಿರುತ್ತದೆ, ಪಾತ್ರೆಯಿಂದ ಉಳಿಯಲ್ಲಿ ಕೆತ್ತಿ ತೆಗೆಯಬೇಕು ಎಂದುಕೊಂಡು ಬಟ್ಟೆ ಎತ್ತಿದ. ಬೆರಳು ಒತ್ತಿದ. ಬೆರಳು ಒಳಗೆ ಹೋಯಿತು, ಹಿಟ್ಟು ಒಪ್ಪಿಕೊಂಡಿತು, ಬೆರಳು ತೆಗೆದಾಗ ನಿಧಾನವಾಗಿ ಮರಳಿ ಬಂತು. ಅವನು ಇನ್ನೊಂದು ಕೈಯಿಂದ ತನ್ನ ಕಿವಿ ಮುಟ್ಟಿಕೊಂಡ. ಅದು ಯಾಕೋ ಹೋಲಲಿಲ್ಲ, ಬಿಸಿಲಿಗೆ ಒಣಗಿದ ಕಿವಿ. ಹಿಟ್ಟು ಅವಳ ಕಿವಿಯನ್ನು ಹೋಲುತ್ತಿತ್ತು. ಜೀವಮಾನವೆಲ್ಲ ಕಲಸಿದವನು, ಬಿಟ್ಟಿದ್ದರಿಂದ ಮೆತ್ತಗಾದದ್ದನ್ನು ಮೊದಲ ಸಲ ನೋಡಿದ.

ಹೆಂಡತಿ ಬಂದು ಮಣೆಯ ಪಕ್ಕ ಸ್ಟೂಲಿನ ಮೇಲೆ ಕುಳಿತಳು. ಉಂಡೆ ಲಟ್ಟಣಿಗೆಯ ಕೆಳಗೆ ತಾನೇ ಹರಡಿಕೊಂಡಿತು. ಅವನು ಒತ್ತಿದಾಗಲೆಲ್ಲ ಅವಳು ಅವನ ಮಣಿಕಟ್ಟಿಗೆ ಬೆರಳು ತಾಗಿಸುತ್ತಿದ್ದಳು, ಅವನು ಸಡಿಲಿಸುತ್ತಿದ್ದ. ಕಾವಲಿ ಚೆನ್ನಾಗಿ ಕಾಯುವವರೆಗೂ ಹಾಕಗೊಡಲಿಲ್ಲ. ಸಣ್ಣ ಗುಳ್ಳೆ ಎದ್ದ ಕೂಡಲೇ ಮಗುಚಿ ಎಂದು ಅಂಗೈ ತಿರುಗಿಸಿದಳು. ಎರಡನೆಯ ಸಲ ಮಗುಚಿ, ಬಟ್ಟೆಯ ಮುದ್ದೆಯಿಂದ ಅಂಚನ್ನು ಮೆಲ್ಲಗೆ ಅದುಮಿದಾಗ ಚಪಾತಿ ಒಂದು ಪಕ್ಕದಿಂದ ಉಸಿರು ತುಂಬಿಕೊಂಡು ಮೇಲೆದ್ದಿತು. ಮೇಸ್ತ್ರಿ ಗರಬಡಿದವನಂತೆ ನಿಂತ. ಅದನ್ನು ಕಿಟಕಿ ಕಟ್ಟೆಗೆ ಒಯ್ಯಲು ಹೊರಟವನ ತೋಳು ಹಿಡಿದು, ಅವಳು ಮಡಿಲಲ್ಲಿ ಹರಡಿದ್ದ ಬಟ್ಟೆಯನ್ನು ತೋರಿಸಿದಳು. ಒಂದರ ಮೇಲೊಂದು ಇಟ್ಟು, ಬೆಚ್ಚಗೆ ಮುಚ್ಚಿದಳು. ಅವು ಅಲ್ಲಿ ಒಂದರ ಹಬೆಯಲ್ಲಿ ಇನ್ನೊಂದು ಮೆತ್ತಗಾದವು.

ಮಂಚದ ಮೇಲೆ, ತಟ್ಟೆ ಮುಂದಿಟ್ಟುಕೊಂಡು ಅವಳು ಸುಮ್ಮನೆ ಕುಳಿತಳು. "ಹಾಲಲ್ಲಿ ನೆನೆಸಿ ಕೊಡ್ಲಾ?" ಎಂದ ಮೇಸ್ತ್ರಿ. ಬೇಡವೆಂದಳು. ಚೂರು ಹರಿದಳು. ಅದು ಸದ್ದಿಲ್ಲದೆ ಹರಿಯಿತು. ನೆಟ್ಟಗಿದ್ದ ಹಲ್ಲುಗಳ ಕಡೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಅಗಿದಳು. ಒಂದು ಚಪಾತಿಯಿಂದ ಯಾರೂ ದಪ್ಪಗಾಗುವುದಿಲ್ಲವೆಂದು ಮೇಸ್ತ್ರಿಗೆ ಗೊತ್ತಿತ್ತು. ಆದರೆ ನಾಳೆ ಆ ನಳಿಗೆ ಬರುವುದೂ ಬಾರದಿರುವುದೂ ಈಗ ಆ ಗಂಟಲಿನಲ್ಲಿತ್ತು. ಅವಳ ಕತ್ತು ಬಿಗಿಯಿತು, ತಡೆಯಿತು. ಅವನೂ ತನ್ನ ಉಗುಳನ್ನು ನುಂಗಲಾರದೆ ಕುಳಿತ. ಆಮೇಲೆ ಇಳಿಯಿತು. ಅವಳು ಕಣ್ಣು ತೆರೆದು ಇನ್ನೊಂದು ಚೂರು ಹರಿದಳು, ಮತ್ತೊಂದು. ಚಪಾತಿ ಪೂರ್ತಿ ಹೋಗುವವರೆಗೂ ಮೇಸ್ತ್ರಿ ಅಲುಗಾಡಲಿಲ್ಲ.

ಅವಳು ಬಾಯಿ ತೆರೆದಳು. ನಾಲಿಗೆ ದಾರಿ ಹುಡುಕಿತು.

"ಉಪ್ಪಿಲ್ಲ," ಎಂದಳು.

ಮೇಸ್ತ್ರಿ ಬೆಪ್ಪಾದ. "ಉಪ್ಪು ಹಾಕಿದ್ರೆ ಹಾಳಾಗುತ್ತೆ ಅಂತ... ಗೋಡೆಗೆ..."

ಅವಳು ನಕ್ಕಳು. ಬಾಯಿ ಒಂದು ಕಡೆ ಸೊಟ್ಟಗಾಯಿತು, ಅಂಗೈ ಅಡ್ಡ ಹಿಡಿಯುವುದು ಮರೆತೇಹೋಯಿತು. ತಟ್ಟೆಯನ್ನು ಅವನ ಕಡೆ ತಳ್ಳಿದಳು. "ಇನ್ನೊಂದು. ಉಪ್ಪು... ತನ್ನಿ."

ಅಡುಗೆಮನೆಯಲ್ಲಿ ಡಬ್ಬಿಗಳ ಎರಡು ಸಾಲು. ಕಣ್ಣು ಮಂಜಾಗಿ ಮೇಸ್ತ್ರಿಗೆ ಎಲ್ಲವೂ ಒಂದೇ ರೀತಿ ಕಂಡವು. ಒಂದನ್ನು ತೆಗೆದ, ಸಕ್ಕರೆ. ಇನ್ನೊಂದನ್ನು ತೆಗೆದ, ರವೆ. ಒಳಗಿಂದ ದನಿ ಬಂತು. ತೊದಲುತ್ತಿತ್ತು, ಅಲ್ಲಲ್ಲಿ ಎಡವುತ್ತಿತ್ತು, ಆದರೆ ಗಾಜಿನ ಗೂಡಿನ ಆ ಮರ್ಯಾದೆ ಬಿಟ್ಟಿರಲಿಲ್ಲ.

"ಪ್ರಯಾಣಿಕರ ಗಮನಕ್ಕೆ. ಉಪ್ಪು... ಎರಡನೇ ಪ್ಲಾಟ್‌ಫಾರ್ಮಿನಲ್ಲಿ... ಎಡಗಡೆ ನಿಂತಿದೆ."

ಮೇಸ್ತ್ರಿ ಗೋಡೆಗೆ ಹಣೆ ಹಚ್ಚಿ ಅತ್ತ. ಆಮೇಲೆ ಕೆಳಗಿನ ಸಾಲಿನ ಎಡಗಡೆಯ ಡಬ್ಬಿ ತೆಗೆದು, ಖಾತ್ರಿ ಮಾಡಿಕೊಳ್ಳಲು ಒಂದು ಹರಳನ್ನು ನಾಲಿಗೆಯ ಮೇಲಿಟ್ಟುಕೊಂಡ. ಮರಳಿನಲ್ಲಾಗಿದ್ದರೆ ಉಗಿಯುತ್ತಿದ್ದ. ಇವತ್ತು ನುಂಗಿದ.